ತೋರಿಸದ ಅಂಗಾಲು

ಬಂಡಳ್ಳಿಯ ಸುತ್ತಮುತ್ತ ಎತ್ತು ಕೊಳ್ಳುವವರೆಲ್ಲ ನಮ್ಮ ಭಾವ ಪುಟ್ಟಮಾದಪ್ಪನವರನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಗೊರಸು ಎತ್ತಿ ನೋಡದೆ ಅವರು ಯಾವ ಎತ್ತಿಗೂ ಹೂಂ ಅಂದವರಲ್ಲ. ಅಂಥ ಮನುಷ್ಯ ತನ್ನ ಕಾಲಿನ ವಿಷಯದಲ್ಲಿ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಎಡ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅಕ್ಕ ದೊಡ್ಡಬಸಮ್ಮ ಹಾಸಿಗೆಯಲ್ಲಿ ಕೀವಿನ ಕಲೆ ಕಂಡು ಗಲಾಟೆ ಮಾಡಿದ ಮೇಲೆ, ನಾನು ಬೈಕಿನಲ್ಲಿ ಕೂರಿಸಿಕೊಂಡು ಹತ್ತಿರದ ಸಣ್ಣ ಆಸ್ಪತ್ರೆಗೆ ಹೋದೆ.

ಅಲ್ಲಿದ್ದವಳು ದಿವ್ಯ, ಇನ್ನೂ ತರಬೇತಿಯಲ್ಲಿದ್ದ ಡಾಕ್ಟರು. ಮೈಸೂರಿನಲ್ಲಿರುವ ದೊಡ್ಡ ಡಾಕ್ಟರು ಟ್ಯಾಬಿನ ಪರದೆಯಲ್ಲಿ ಬಂದು ಅವಳ ಕೆಲಸ ನೋಡಿಕೊಳ್ಳುತ್ತಿದ್ದರು. ದಿವ್ಯ ಅಂಗಾಲು ಒತ್ತಿದಳು, ಸೂಜಿಯಿಂದ ಚುಚ್ಚಿದಳು. ಭಾವ ಮಿಸುಕಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

"ಯಜಮಾನ್ರೇ, ಒಳಗೆ ಕಪ್ಪಾಗಿದೆ. ಇವತ್ತೇ ಮೈಸೂರಿಗೆ ಹೋಗಿ. ತಡ ಮಾಡಿದ್ರೆ ಕಾಲೇ ಹೋಗುತ್ತೆ."

ಭಾವ ನಕ್ಕರು. "ನೋವೇ ಇಲ್ಲ ಕಣವ್ವ. ನೀನಿನ್ನೂ ಕಲೀತಾ ಇರೋ ಮಗಳು. ನಿಮ್ ದೊಡ್ಡೋರ್ನ ಕೇಳು, ಅವ್ರೇಳುದ್ರೆ ಓಯ್ತೀನಿ."

ನೋವಿಲ್ಲ ಎಂಬ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆದರೆ ಆ ಹುಡುಗಿಯ ಮುಖ ನೋಡಿ ಹೆದರಿಕೆಯಾಯಿತು.

ಪರದೆಯಲ್ಲಿ ನರೆತ ತಲೆಯ ಡಾಕ್ಟರು ಕಾಣಿಸಿದ್ದೇ ತಡ, ಭಾವ ಎದ್ದು ನಿಂತರು. ಹೆಗಲ ಟವೆಲನ್ನು ಕಂಕುಳಿಗೆ ಸೇರಿಸಿ ಕೈಮುಗಿದರು.

"ಅಂಗಾಲು ತೋರಿಸಿ," ಎಂದರು ಡಾಕ್ಟರು.

ಭಾವ ಕಾಲನ್ನು ನೆಲಕ್ಕೆ ಇನ್ನಷ್ಟು ಒತ್ತಿದರು. ದಿವ್ಯ ಟ್ಯಾಬು ಹಿಡಿದು ಬಗ್ಗಿದರೆ ಅದಕ್ಕೂ ಬಿಡಲಿಲ್ಲ.

"ಬ್ಯಾಡ ಕಣವ್ವ! ಅಂತಾ ದೊಡ್ಡೋರ ಮೊಕದ್ ಮುಂದ ಕಾಲೆತ್ತುದ್ರ ನಾನೊಬ್ಬ ಮನ್ಸನಾ?"

"ನೋಡದೆ ನಾನೇನೂ ಹೇಳೋಕಾಗಲ್ಲ," ಎಂದರು ಡಾಕ್ಟರು. "ದಿವ್ಯ ನೋಡಿದ್ದಾರೆ. ಅವರು ಹೇಳಿದ ಹಾಗೆ ಈಗಲೇ ಹೊರಡಿ."

"ಆಗ್ಲಿ ಸಾ," ಎಂದು ಭಾವ ತಲೆಬಾಗಿಸಿದರು. ಆ ವಿನಯ ಕಂಡರೆ ಎಂಥವರೂ ನಂಬಬೇಕು. ದಿವ್ಯ ಗಾಯಕ್ಕೆ ಬ್ಯಾಂಡೇಜು ಸುತ್ತಿ ಕಳಿಸಿದಳು. ಹೊರಗೆ ಬಂದದ್ದೇ ರಾಗ ಬದಲಾಯಿತು.

"ನೋಡ್ದ್ಯಾ? ದೊಡ್ಡೋರು ತಾವಾಗಿ ಓಗು ಅನ್ನಲಿಲ್ಲ. ಆ ಡಾಕ್ಟ್ರು ಮಗಳು ನೊಂದ್ಕಬಾರ್ದು ಅಂತ ಒಂದ್ ಮಾತ್ ಅಂದ್ರು ಅಷ್ಟೇಯ. ಗಾಡಿ ಮನೆ ಕಡೀಕ್ ತಿರುಗ್ಸು ಕಣ್ಲಾ."

ನಾನು ಆಗದು ಎಂದು ಜಗಳಕ್ಕೆ ನಿಂತೆ. ಅವರು ನನ್ನನ್ನು ಅಲ್ಲೇ ಬಿಟ್ಟು, ಗಟ್ಟಿ ಹೆಜ್ಜೆ ಹಾಕುತ್ತಾ ಬಸ್ಸಿಗೆ ನಡೆದರು. ಬ್ಯಾಂಡೇಜು ಆಗಲೇ ಒದ್ದೆಯಾಗಿತ್ತು.

ಆಮೇಲೆ ಜಗಲಿಯ ಮೇಲೆ ಬಂದವರಿಗೆಲ್ಲ ಅದೇ ಕಥೆ. ಮೈಸೂರಿನ ಡಾಕ್ಟರು ತಮ್ಮನ್ನು ಖುದ್ದು ಮಾತನಾಡಿಸಿದರಂತೆ, ಕಾಯಿಲೆಯ ಮಾತೇ ಎತ್ತಲಿಲ್ಲವಂತೆ. ಕೇಳಿದವರು ತಲೆದೂಗಿದರು; ನಾನು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕೆಲವೇ ದಿನಗಳಲ್ಲಿ ಮನೆಯೊಳಗೆ ಏನೋ ವಾಸನೆ ಶುರುವಾಯಿತು. ಅಕ್ಕ ಇಲಿ ಸತ್ತಿರಬೇಕೆಂದು ರಾಗಿ ಮೂಟೆಗಳನ್ನೆಲ್ಲ ಸರಿಸಿ ಹುಡುಕಿದಳು. ಇಲಿ ಸಿಗಲಿಲ್ಲ. ಸಾಂಬ್ರಾಣಿ ಹಾಕಿದಳು, ವಾಸನೆ ಹೋಗಲಿಲ್ಲ. ಭಾವ ಮಾತ್ರ ನೋವಿಲ್ಲ ಎನ್ನುತ್ತಲೇ ಇದ್ದರು.

ಜ್ವರ ನೆತ್ತಿಗೇರಿ ಅವರು ಬಡಬಡಿಸತೊಡಗಿದಾಗ ನಾನು ಆಸ್ಪತ್ರೆಗೆ ಫೋನು ಮಾಡಿದೆ. ಆಂಬುಲೆನ್ಸಿನ ಜೊತೆ ದಿವ್ಯಳೇ ಬಂದಳು. ಹೊದಿಕೆ ಸರಿಸಿ ಅಂಗಾಲಿಗೆ ಟ್ಯಾಬು ಹಿಡಿದಳು. ಬೇಡ ಎನ್ನಲು ಭಾವನಿಗೆ ಪ್ರಜ್ಞೆ ಇರಲಿಲ್ಲ. ಪರದೆಯಲ್ಲಿದ್ದ ದೊಡ್ಡ ಡಾಕ್ಟರು ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

ಅಕ್ಕನಿಗೆ ಅದು ತಿಳಿಯಲಿಲ್ಲ, ಆದರೆ ತಿಳಿಯಬೇಕಾದ್ದು ತಿಳಿಯಿತು. ಕೈಯನ್ನು ಭಾವನ ಹಿಮ್ಮಡಿಯ ಮೇಲಿಟ್ಟು ಕೇಳಿದಳು:

"ಇಲ್ಲೀಗಂಟ ಕುಯ್ಬೇಕಾ, ಅವ್ವಾ?"

ದಿವ್ಯ ಆ ಕೈಯನ್ನು ಹಿಡಿದು, ಮೆಲ್ಲಗೆ ಮೊಣಕಾಲಿನ ಮೇಲಕ್ಕೆ ಸರಿಸಿದಳು.