ಶಬಾನಾ ಬರೆದ ಐಬುಗಳು

ಚಳ್ಳಕೆರೆಯ ಕಂಬಳಿ ವ್ಯಾಪಾರಿ ಶರೀಫ್ ಸಾಬರ ಮಗಳು ಶಬಾನಾ ಆಡುವುದು ಎರಡೇ ಮಾತು. ಹಟ ಮಾತ್ರ ಉಡದ ಪಟ್ಟು, ಹಿಡಿದರೆ ಬಿಡುವುದಿಲ್ಲ.

ಅದು ಎರಡು ಸಾವಿರದ ಹದಿಮೂರನೇ ಇಸವಿ. ಬೆಂಗಳೂರಿನ ಕಂಪನಿಯೊಂದು ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದಿತ್ತು. ಮೊದಲು ಬರೀ ಪುಸ್ತಕ ಮಾರುತ್ತಿತ್ತು. ಆಮೇಲೆ ಗಡಿಯಾರ, ಮಿಕ್ಸಿ ಅಂತ ಬೆಳೆದು, ಈಗ ಊರೂರಿನ ಸರಕಿಗೂ ಕೈ ಚಾಚಿತ್ತು. ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಶಬಾನಾ ಅಪ್ಪನ ಕಂಬಳಿಯ ಫೋಟೋ ಅದಕ್ಕೆ ಕಳಿಸಿಯೇಬಿಟ್ಟಳು. ಮುಟ್ಟಿ ನೋಡದೆ ಯಾವ ಹುಚ್ಚ ಕಂಬಳಿ ಕೊಳ್ಳುತ್ತಾನೆ ಎಂದು ಸಾಬರು ನಕ್ಕರು.

ಕೊಂಡರು ಸ್ವಾಮಿ, ಹತ್ತು ಜನ! ಆದರೆ ಏಳು ಕಂಬಳಿ ವಾಪಸ್ ಬಂದವು. ಕಂಬಳಿಯಲ್ಲ, ಹಲಗೆ ಕಳಿಸಿದ್ದೀರಿ ಎಂದು ಒಬ್ಬರು, ಕುರಿ ವಾಸನೆ ಎಂದು ಇನ್ನೊಬ್ಬರು. ಇನ್ನೊಂದು ಹತ್ತು ನೋಡುತ್ತೇವೆ, ಹೀಗೇ ಆದರೆ ನಿಮ್ಮ ಹೆಸರು ತೆಗೆಯುತ್ತೇವೆ ಎಂದಿತು ಕಂಪನಿ. ಶಬಾನಾ ಇನ್ನು ಅಪ್ಪನೆದುರು ತಲೆ ಎತ್ತುವುದು ಹೇಗೆ?

ಪರಶುರಾಂಪುರದ ಬಸ್ಸು ಹತ್ತಿ ಅಪ್ಪನಿಗೆ ಕಂಬಳಿ ನೇಯ್ದುಕೊಡುವ ಗಾದ್ರಪ್ಪನ ಮನೆಗೆ ಹೋದಳು. ದೂರದವರಿಗೆ ಹೋಗುವ ಮಾಲು, ಮಾನ ಉಳಿಯಲಿ ಎಂದು ಆ ಪುಣ್ಯಾತ್ಮ ಹುಣಸೆಬೀಜದ ಗಂಜಿಯನ್ನು ಎರಡು ಸಲ ಬಳಿದಿದ್ದ! ನಮ್ಮ ಕಡೆ ಕಂಬಳಿ ಬಿರುಸಾದಷ್ಟೂ ನೇಕಾರನಿಗೆ ಮರ್ಯಾದೆ. ಗಂಜಿ ಬಿಡು ಎಂದರೆ ಮುಖ ಊದಿಸಿಕೊಂಡ.

"ಗಂಜಿ ಇಲ್ದೆ ನೂಲು ನಿಲ್ಲಲ್ಲ ಕಣವ್ವ. ಒಂದು ವರ್ಷ ಹೊದ್ಕಂಡ್ರೆ ತಾನೇ ಮೆತ್ತಗಾಗ್ತೈತೆ. ಅಷ್ಟು ತಾಳ್ಮೆ ಇಲ್ದೋರಿಗೆ ಮಾರ್ಬ್ಯಾಡ."

ಒಂದು ಸಲದ ಗಂಜಿ ಸಾಕು ಎಂದು ಅವನನ್ನು ಒಪ್ಪಿಸಿ ಬಂದ ಶಬಾನಾ ಫೋಟೋದ ಕೆಳಗೆ ಹೀಗೆ ಬರೆದಳು: ಇದು ಮೊದಲ ವರ್ಷ ಚುಚ್ಚುತ್ತದೆ. ಮಳೆಯಲ್ಲಿ ನೆಂದರೆ ಕುರಿ ವಾಸನೆ ಬರುತ್ತದೆ. ವರ್ಷ ಕಳೆದ ಮೇಲೆ ಮೆತ್ತಗಾಗಿ ಇಪ್ಪತ್ತು ವರ್ಷ ಬಾಳುತ್ತದೆ. ತಡೆಯಲಾಗದವರು ಕೊಳ್ಳಬೇಡಿ.

ಓದಿಸಿಕೊಂಡ ಸಾಬರು ಹೌಹಾರಿದರು. ಮೂವತ್ತು ವರ್ಷದಲ್ಲಿ ತಮ್ಮ ಮಾಲಿನ ಒಂದು ಐಬನ್ನೂ ಬಾಯಿಬಿಟ್ಟವರಲ್ಲ ಅವರು. ಹೆತ್ತ ಮಗಳೇ ಅಂಗಡಿಗೆ ಬೀಗ ಜಡಿದಳು ಎಂದು ಎರಡು ದಿನ ಮಾತು ಬಿಟ್ಟರು.

ಕಂಪನಿ ಹೇಳಿದ ಆ ಇನ್ನೊಂದು ಹತ್ತು ಕಂಬಳಿ ಹೋಗುವುದಕ್ಕೆ ಮೂರು ತಿಂಗಳು ಹಿಡಿಯಿತು. ಒಂದೂ ವಾಪಸ್ ಬರಲಿಲ್ಲ. ಹೆಸರು ಉಳಿಯಿತು. ಶಬಾನಾ ಸುದ್ದಿ ಹೇಳಿದರೆ ಸಾಬರು ಹ್ಞೂಂ ಎಂದು ಕಂಬಳಿ ಮಡಚತೊಡಗಿದರು, ಅಷ್ಟೇ.

ಮುಂದಿನ ಸಂತೆಯ ದಿನ ಅವಳು ಅಪ್ಪನ ಅಂಗಡಿಗೆ ಬುತ್ತಿ ತಂದಳು. ಊರಿಗೆ ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಕಂಬಳಿ ಸವರಿ ನೋಡುತ್ತಿದ್ದರು. ಸಾಬರು ಗಂಟಲು ಸರಿಮಾಡಿಕೊಂಡರು.

"ಮೊದಲ್ನೇ ವರ್ಷ ಚುಚ್ತೈತೆ ಮೇಷ್ಟ್ರೇ. ತಡ್ಕಳಂಗಿದ್ರೆ ತಗಳ್ರಿ."

ಶಬಾನಾ ಬುತ್ತಿ ಹಿಡಿದು ಅಲ್ಲೇ ನಿಂತಳು. ಅವಳಿಗೆ ಅಳು ಬಂತು.