ಹಗಲಲ್ಲಿ ಎಳೆದ ಪರದೆ

ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಕಿಟಕಿಯ ಪರದೆ ಎಳೆಯುವುದಿಲ್ಲ. ಎಳೆದರೆ ಆ ಮನೆಯಲ್ಲಿ ಸಾವಾಗಿದೆ ಅಂತ ಅರ್ಥ. ಉಳಿದ ದಿನ ಸೋಫಾ, ಮೇಜು, ಮನುಷ್ಯರು ಎಲ್ಲವೂ ದಾರಿಹೋಕರಿಗೆ ಕಾಣಬೇಕು. ಮುಚ್ಚಿಡೋಕೆ ನಮ್ಮಲ್ಲೇನಿದೆ ಅನ್ನೋ ಜಂಬ ಹಾಲೆಂಡಿನ ಈ ಫ್ರೀಸ್‌ಲ್ಯಾಂಡ್ ಸೀಮೆಯವರಿಗೆ. ನನಗೂ ಇದೆ, ಇಲ್ಲ ಅನ್ನಲ್ಲ.

ಎದುರುಮನೆ ಹಿಲ್ಕೆಯದು ಮಾತ್ರ ಜಂಬವಲ್ಲ, ಭಯ. ಅವಳು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನಲ್ಲ! ಬೆಳಿಗ್ಗೆ ಎದ್ದವಳೇ ನನ್ನ ಬಾಗಿಲ ಮುಂದೆ ಬಂದು ನಿಂತು ತನ್ನ ಮನೆಯನ್ನೇ ಯಾರದೋ ಮನೆ ಅನ್ನುವಂತೆ ದಿಟ್ಟಿಸುವಳು. ಒಳಗೆ ಹೋಗಿ ಹೂಕುಂಡವನ್ನು ಒಂದು ಬೆರಳಷ್ಟು ಸರಿಸುವಳು. ಮತ್ತೆ ಓಡಿ ಬರುವಳು.

"ದೌತ್ಸೆನ್, ಕುರ್ಚಿ ಸೊಟ್ಟ ಕಾಣ್ತಿದೆಯೇನೇ?"

"ನಿನ್ನ ತಲೆ ಸೊಟ್ಟ ಇದೆ, ಹೋಗೇ," ಅಂತಿದ್ದೆ. ನಗುತ್ತಿದ್ದಳು. ನಗುವಾಗಲೂ ಕಿಟಕಿ ಗಾಜಿನಲ್ಲಿ ತನ್ನ ಮುಖ ಹೇಗಿದೆ ಅಂತ ಒಂದು ಸಲ ನೋಡಿಕೊಳ್ಳುತ್ತಿದ್ದಳು.

ಅವಳ ಗಂಡ ಸೀಬ್ರನ್ ಕಾಲುವೆಯ ಸೇತುವೆ ಎತ್ತಿ ಇಳಿಸುವ ಕೆಲಸದಲ್ಲಿದ್ದವನು. ಹೋಗುವ ಬರುವ ದೋಣಿಯವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದ. ನಿವೃತ್ತನಾದ ಮೇಲೆ ಅವನಿಗೆ ಮರೆವು ಹತ್ತಿತು. ಊರಿಗೆ ಗೊತ್ತಾದರೆ ಅವನನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಿಬಿಡುತ್ತಾರೆ ಅಂತ ಹಿಲ್ಕೆಗೆ ಒಂದೇ ದಿಗಿಲು. ಯಾರು ಕೇಳಿದರೂ "ಗುಂಡುಕಲ್ಲಿನ ಹಾಗಿದ್ದಾರೆ" ಅನ್ನುತ್ತಿದ್ದಳು. ದಿನಾ ಅವನಿಗೆ ಗಡ್ಡ ಹೆರೆದು, ತಲೆ ಬಾಚಿ, ಕೈಗೆ ಪೇಪರ್ ಕೊಟ್ಟು ಕಿಟಕಿಯಲ್ಲಿ ಕೂರಿಸುತ್ತಿದ್ದಳು.

ಒಂದು ದಿನ ಪೇಪರ್ ತಲೆಕೆಳಗಾಗಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಬಂದು ಪೇಪರ್ ತಿರುಗಿಸಿಟ್ಟು ನನ್ನ ಕಡೆ ಕೈ ಬೀಸಿದಳು. ನಾನೂ ಬೀಸಿದೆ. ಥೂ, ನನ್ನ ಬುದ್ಧಿಗಿಷ್ಟು! ಹೋಗಿ ಬಾಗಿಲು ತಟ್ಟುವುದು ಬಿಟ್ಟು ಅವಳ ಮಾನ ಉಳಿಸಿದೆ ಅಂದುಕೊಂಡೆನಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆ. ನೋಡುತ್ತೇನೆ, ಹಿಲ್ಕೆಯ ಪರದೆ ಪೂರ್ತಿ ಎಳೆದಿದೆ. ಸಾವಿನ ಮನೆಯವರು ಕರೆಯುವವರೆಗೆ ನೆರೆಯವರು ಕಾಯುವಂತಿಲ್ಲ, ಅದು ನಮ್ಮ ಪಾಲಿನ ಕೆಲಸ. ಅವಳ ಪಕ್ಕದ ಮನೆ ಬಾವ್ಕೆ ಆಗಲೇ ಕಪ್ಪು ಕೋಟು ತೊಟ್ಟು, ಬಟಾಣಿ ಸೂಪಿನ ಪಾತ್ರೆ ಹಿಡಿದು ಹೊರಟಿದ್ದಳು. ಹಿಂದೆ ಇನ್ನೂ ನಾಲ್ವರು, ಕೊನೆಗೆ ನಾನು.

ಬಾಗಿಲು ತೆರೆದ ಹಿಲ್ಕೆ ನಮ್ಮ ಕಪ್ಪು ಬಟ್ಟೆ ನೋಡಿ ಬಿಳಿಚಿಕೊಂಡಳು. ಅವಳು ಬಾಯಿ ಬಿಡುವ ಮೊದಲೇ ಬಾವ್ಕೆ ಕೈ ಹಿಡಿದಳು.

"ಛೇ, ಎಂಥ ಮನುಷ್ಯ ಕಣೇ! ಯಾವಾಗ ಹೋದ್ರು?"

ಹಿಲ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಇಲ್ಲ ಅಂದರೆ ಪರದೆ ಯಾಕೆ ಎಳೆದೆ ಅಂತ ಹೇಳಬೇಕಲ್ಲ! ಒಬ್ಬೊಬ್ಬರಾಗಿ ಕೈ ಕುಲುಕಿದೆವು. ಅವಳು ಹಿಂತಿರುಗಿ ಹಿಂತಿರುಗಿ ಒಳಬಾಗಿಲು ನೋಡುತ್ತಿದ್ದಳು.

ಆ ಬಾಗಿಲಿನಿಂದಲೇ ಸೀಬ್ರನ್ ಬಂದ. ಮೈಮೇಲೆ ಹೆಂಡತಿಯ ಹೂವಿನ ಬ್ಲೌಸು, ಕೆಳಗೆ ಪ್ಯಾಂಟಿಲ್ಲ. ಬಾವ್ಕೆಯ ಕೈಯಲ್ಲಿದ್ದ ಸೂಪು ತುಳುಕಿ ನೆಲಕ್ಕೆ ಬಿತ್ತು. ಅವನು ನಮ್ಮ ಸಾಲು ನೋಡಿದ, ಬಂದು ನನ್ನ ಹಿಂದೆ ನಿಂತ. ನಾನು ಪಕ್ಕಕ್ಕೆ ಸರಿದೆ. ಅವನು ಮುಂದೆ ಹೋಗಿ ಎರಡೂ ಕೈಯಿಂದ, ತುಂಬಾ ಮರ್ಯಾದೆಯಿಂದ, ಹಿಲ್ಕೆಯ ಕೈ ಹಿಡಿದುಕೊಂಡ.

"ಕೇಳಿ ತುಂಬಾ ಸಂಕಟ ಆಯ್ತಮ್ಮ. ನಿಮ್ಮ ಯಜಮಾನ್ರು ಒಳ್ಳೆಯವರಂತೆ."

ಹಿಲ್ಕೆ ನಮ್ಮ ಯಾರ ಕಡೆಯೂ ನೋಡಲಿಲ್ಲ. ಕಣ್ಣೀರು ಇಳಿದು ಗಲ್ಲಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ.

"ಹೌದು ಸ್ವಾಮಿ, ತುಂಬಾ ಒಳ್ಳೆಯವರು," ಅಂದಳು. "ಹೋಗಿ ಎರಡು ವರ್ಷ ಆಯ್ತು. ಯಾರ ಹತ್ರಾನೂ ಹೇಳೋಕಾಗ್ಲಿಲ್ಲ."