ಓಂದುರ್ಮಾನಿಗೆ ಒಂದು ಹೆಸರು

೨೦೨೩ರ ಏಪ್ರಿಲ್ ೧೫, ಶನಿವಾರ. ಸುಡಾನಿನ ರಾಜಧಾನಿ ಖಾರ್ತೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕದನ ಆರಂಭವಾದದ್ದು ಅಂದು. ಅಮೆರಿಕದಲ್ಲಿ ನಾವಿರುವ ಊರಿನ ಗ್ರಂಥಾಲಯದಲ್ಲಿ ಮರುದಿನದ ಎರಡು ಪತ್ರಿಕೆಗಳನ್ನು ತೆರೆದು ದಿನಾಂಕವನ್ನು ತಾಳೆ ನೋಡಿದ್ದೇನೆ. ಆಗ ರಂಜಾನ್ ತಿಂಗಳು. ಆ ಸಂಜೆ ಮಸೀದಿಯ ಅಂಗಳದಲ್ಲಿ ಎಲ್ಲರೂ ಉಪವಾಸ ಬಿಡುತ್ತಿದ್ದಾಗ ನನ್ನ ಸುಡಾನಿ ಗೆಳೆಯರೊಬ್ಬರು ಖರ್ಜೂರವನ್ನು ಕೈಯಲ್ಲೇ ಹಿಡಿದು ಫೋನು ನೋಡುತ್ತ ಕುಳಿತಿದ್ದರು. ಖಾರ್ತೂಮಿನಿಂದ ನದಿಯಾಚೆಗಿರುವ ಓಂದುರ್ಮಾನಿನಲ್ಲಿ ಅವರ ತಂಗಿಯ ಮನೆ.

ನಮ್ಮಿಬ್ಬರ ಸ್ನೇಹಕ್ಕೆ ಜೋಳ ಕಾರಣ. ನಾನು ವಿಜಯಪುರದವನು, ನಿವೃತ್ತಿಯವರೆಗೆ ಜೋಳದ ತಳಿಗಳ ಇತಿಹಾಸವನ್ನು ಸಂಶೋಧಿಸಿದವನು. ಅವರು ನೀರಾವರಿ ಇಂಜಿನಿಯರರಾಗಿದ್ದವರು; ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾಗದದಷ್ಟು ತೆಳ್ಳಗೆ ಹೆಂಚಿನ ಮೇಲೆ ಹರಡುವ ಮನೆಯಲ್ಲಿ ಬೆಳೆದವರು. ನನ್ನ ಹೆಂಡತಿ ಬಡಿದ ರೊಟ್ಟಿಯನ್ನು ಮೊದಲ ಸಲ ತಿಂದಾಗ, "ರುಚಿ ನಮ್ಮದೇ, ದಪ್ಪ ಮಾತ್ರ ನಿಮ್ಮದು" ಎಂದು ತೀರ್ಪು ಕೊಟ್ಟಿದ್ದರು.

ಯುದ್ಧ ನಿಲ್ಲಲಿಲ್ಲ. ಇಲ್ಲಿಯ ಸುಡಾನಿಗಳು ಒಂದು ಗುಂಪು ಕಟ್ಟಿಕೊಂಡರು. ಕದನ ನಿಲ್ಲಬೇಕು, ಜನರಿಗೆ ನೆರವು ತಲುಪಬೇಕು, ಆಡಳಿತ ಸೈನಿಕರ ಕೈಯಿಂದ ನಾಗರಿಕರ ಕೈಗೆ ಮರಳಬೇಕು ಎನ್ನುವ ನಿರ್ಣಯವೊಂದು ಅಮೆರಿಕದ ಕೆಳಮನೆಯಲ್ಲಿ ಮಂಡನೆಯಾಗಿತ್ತು. ಅದರ ಬೆಂಬಲಿಗರ ಪಟ್ಟಿಗೆ ಒಬ್ಬೊಬ್ಬರೇ ಪ್ರತಿನಿಧಿಯ ಹೆಸರನ್ನು ಸೇರಿಸುವುದು ಗುಂಪಿನ ಕೆಲಸ. ಗೆಳೆಯರ ಆಸೆ ಅದಕ್ಕಿಂತ ಚಿಕ್ಕದು. ಫೋನು ಸಿಕ್ಕಾಗಲೆಲ್ಲ ತಂಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅಲ್ಲಿ ನಮ್ಮ ಮಾತನ್ನು ಯಾರಾದರೂ ಕೇಳಿಸಿಕೊಂಡರೇ?" ಅದಕ್ಕೆ ಅವರು ಒಂದು ಹೆಸರನ್ನು ಉತ್ತರವಾಗಿ ಕೊಡಬೇಕಿತ್ತು.

ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿ ಹದಿನೈದು ನಿಮಿಷ ಕೊಟ್ಟಿತು. ಬೇಡಿಕೆಯನ್ನು ಮತದಾರರೇ ಮುಂದಿಡಬೇಕೆಂಬುದು ಗುಂಪಿನ ರೂಢಿ. ಗೆಳೆಯರಿಗೆ ಇನ್ನೂ ಪೌರತ್ವ ಬಂದಿರಲಿಲ್ಲವಾದ್ದರಿಂದ, ಮತದಾರರಾದ ನಾನೂ ನನ್ನ ಹೆಂಡತಿಯೂ ಸುಡಾನಿನ ವಕ್ತಾರರಾದೆವು.

ನಮ್ಮ ಅಡುಗೆಮನೆಯ ಮೇಜಿನ ಮುಂದೆ ತಾಲೀಮು ನಡೆಯಿತು. ಹೆಂಡತಿಯೇ ಕಚೇರಿಯ ಸಿಬ್ಬಂದಿ. ಅವಳ ಮುಂದೆ ಟೈಮರು. ಸುಡಾನಿನಲ್ಲಿ ಯಾರ ಬಳಿಯೇ ಆಗಲಿ, ಮನೆಯವರೆಲ್ಲರ ಕುಶಲ ಕೇಳದೆ ಕೆಲಸದ ಮಾತೆತ್ತುವುದು ಒರಟುತನ. ಗೆಳೆಯರು ತಾಯಿಯಿಂದ ಆರಂಭಿಸಿ ಅಕ್ಕತಂಗಿಯರಿಗೆ ಬಂದರು. ಹೆಂಡತಿ ತನ್ನ ಪಾತ್ರವನ್ನು ಮರೆತು ಹುಬ್ಬಳ್ಳಿಯ ಅಕ್ಕನ ಮಂಡಿನೋವನ್ನು ವಿವರಿಸತೊಡಗಿದಳು. ಅಷ್ಟರಲ್ಲಿ ಟೈಮರು ಕೂಗಿತು.

ಎರಡನೆಯ ಸಲ ಮಾತು ನನ್ನದು. ಹಿನ್ನೆಲೆಯಿಲ್ಲದೆ ವರ್ತಮಾನ ಅರ್ಥವಾಗದೆಂದು ೧೯೫೬ರ ಜನವರಿ ೧ರಿಂದ, ಅಂದರೆ ಸುಡಾನ್ ಸ್ವತಂತ್ರವಾದ ದಿನದಿಂದ, ತೊಡಗಿದೆ.

"ಅಲ್ರೀ, ಅರ್ಧಾ ಟೈಮು ಮುಗೀತು, ನೀವು ಇನ್ನೂ ಬ್ರಿಟಿಷರನ್ನ ಹಡಗ ಹತ್ತಸಾಕ ಹತ್ತೀರಿ. ಯುದ್ಧ ಯಾವಾಗ ನಿಲ್ಲಸ್ತೀರಿ?" ಎಂದಳು ಹೆಂಡತಿ.

"ಏನಂದರು?" ಎಂದು ಗೆಳೆಯರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅನುವಾದಿಸಿದೆ. ಅವರು ಮೇಜು ಬಡಿದು ನಕ್ಕರು.

ಕೊನೆಗೆ ಅವಳೇ ರಾಜಿ ಮಾಡಿಸಿದಳು: ಅವರಿಗೆ ಮೂರು ಕುಶಲಪ್ರಶ್ನೆ, ನನಗೆ ಮೂರು ದಿನಾಂಕ. ನಾನು ಸಂಕಟದಿಂದಲೇ ೧೯೫೬ನ್ನು ಬಿಟ್ಟುಕೊಟ್ಟೆ. ಮೂವತ್ತು ವರ್ಷ ಆಳಿದ ಅಧ್ಯಕ್ಷರು ಪದಚ್ಯುತರಾದ ೨೦೧೯ರ ಏಪ್ರಿಲ್ ೧೧, ಸೇನೆ ಮತ್ತೆ ಅಧಿಕಾರ ಕಸಿದುಕೊಂಡ ೨೦೨೧ರ ಅಕ್ಟೋಬರ್ ೨೫, ಕದನ ಆರಂಭವಾದ ದಿನ, ಇಷ್ಟೇ ಉಳಿದವು.

ಕಚೇರಿಯಲ್ಲಿ ನಮ್ಮನ್ನು ಬರಮಾಡಿಕೊಂಡವಳು ಒಬ್ಬ ತರುಣಿ. ಗೆಳೆಯರು ಒಪ್ಪಂದದಂತೆ ಅವಳ ತಾಯಿಯನ್ನು, ತಂದೆಯನ್ನು, ಅಜ್ಜಿಯನ್ನು ವಿಚಾರಿಸಿದರು. ಫ್ರೆಸ್ನೋದಲ್ಲಿರುವ ಅಜ್ಜಿಯ ಮಾತು ಬಂದೊಡನೆ ಅವಳ ಮುಖ ಅರಳಿತು. ಎಲ್ಲವನ್ನೂ ಹೇಳಿ ಮುಗಿಸಿ ಸಹಜವಾಗಿಯೇ ತಿರುಗಿ ಕೇಳಿದಳು: "ನಿಮ್ಮ ಮನೆಯವರು ಹೇಗಿದ್ದಾರೆ?"

ಈ ಪ್ರಶ್ನೆಗೆ ಸುಡಾನಿಗಳ ಉತ್ತರ ಯಾವಾಗಲೂ ಒಂದೇ. "ದೇವರ ದಯೆಯಿಂದ ಎಲ್ಲರೂ ಚೆನ್ನಾಗಿದ್ದಾರೆ" ಎಂದರು ಗೆಳೆಯರು. ಮರುಕ್ಷಣವೇ ತಿದ್ದಿಕೊಂಡರು: "ಇಲ್ಲ ಮಗೂ, ಅದು ರೂಢಿಯ ಮಾತು. ನನ್ನ ತಂಗಿ ನೀರು ತರಲು ಬೆಳಿಗ್ಗೆ ಹೊರಟರೆ, ಅವಳು ವಾಪಸು ಬಂದಳೆಂದು ನನಗೆ ತಿಳಿಯಲು ಕೆಲವೊಮ್ಮೆ ವಾರ ಹಿಡಿಯುತ್ತದೆ."

ತರುಣಿ ಪೆನ್ನು ಕೆಳಗಿಟ್ಟಳು. ನನ್ನ ಮೂರು ದಿನಾಂಕಗಳನ್ನೂ ಬದಿಗಿಟ್ಟೆ. "ಆ ನಿರ್ಣಯಕ್ಕೆ ನಮ್ಮ ಪ್ರತಿನಿಧಿ ಹೆಸರು ಸೇರಿಸಬೇಕು" ಎಂದಷ್ಟೇ ಹೇಳಿದೆ. "ಖಂಡಿತ ತಿಳಿಸುತ್ತೇನೆ" ಎಂದಳು ಆಕೆ.

ಹಿಂದಿರುಗುವಾಗ ಲಾಸ್ ಆಲ್ಟೋಸಿನಲ್ಲಿ ಕಾಫಿ ಕುಡಿದು ಪರಸ್ಪರ ಅಭಿನಂದಿಸಿಕೊಂಡೆವು. ಮರುವಾರ ಜಾಲತಾಣದಲ್ಲಿ ಆ ನಿರ್ಣಯದ ಪುಟ ತೆರೆದಾಗ ಅದರಲ್ಲಿ ನಮ್ಮ ಪ್ರತಿನಿಧಿಯ ಹೆಸರು ಕಾಣಿಸಿತು. ಗೆಳೆಯರು ಫೋನಿನಲ್ಲಿ ಅದನ್ನು ತಂಗಿಗೆ ಅಕ್ಷರ ಬಿಡಿಸಿ ಹೇಳಿದರು. ಆಕೆ ಫೋನು ಕೆಳಗಿಡದೆಯೇ ನೆರೆಯವರನ್ನು ಕೂಗಿ ಕರೆದರಂತೆ: ಅಣ್ಣನೂ ಅವನ ಹಿಂದೂಸ್ತಾನದ ಜೋಳದ ಗೆಳೆಯನೂ ಹೋಗಿ ಒಂದು ಹೆಸರು ತಂದಿದ್ದಾರೆ!

ಇದನ್ನು ಬರೆಯಲು ಕುಳಿತಾಗ ಅಭ್ಯಾಸಬಲದಿಂದ ಆ ಪುಟವನ್ನು ಮತ್ತೆ ತೆರೆದೆ. ಪ್ರತಿ ಹೆಸರಿನ ಎದುರು ಅದು ಸೇರಿದ ದಿನಾಂಕವಿರುತ್ತದೆ. ನಾವು ಕಚೇರಿಗೆ ಹೋದದ್ದು ಗುರುವಾರ. ನನ್ನ ಕ್ಯಾಲೆಂಡರೂ ಅಂದು ಕಚೇರಿಯ ಮುಂದೆ ಹೆಂಡತಿ ತೆಗೆದು ಕಳಿಸಿದ್ದ ಫೋಟೋವೂ ಹಾಗೆಯೇ ಹೇಳುತ್ತವೆ. ಹೆಸರು ಸೇರಿದ್ದು ಅದೇ ವಾರದ ಮಂಗಳವಾರ.

"ಹಂಗಾದರ ಆ ಹುಡುಗಿ ಯಾಕ ಹೇಳಲಿಲ್ಲ?" ಎಂದು ಹೆಂಡತಿಯನ್ನು ಕೇಳಿದೆ.

"ಆಕೀಗೇ ಗೊತ್ತಿತ್ತೋ ಇಲ್ಲೋ. ಗೊತ್ತಿದ್ದರೂ, ಅಜ್ಜೀ ಮಾತು ಬಿಟ್ಟು ಬ್ಯಾರೇ ಹೇಳಾಕ ನೀವಿಬ್ರು ಬಿಟ್ಟಿದ್ದರ ಹೇಳತಿದ್ದಳು!"

ಗೆಳೆಯರಿಗೆ ಅಳುಕುತ್ತಲೇ ಫೋನು ಮಾಡಿದೆ. ಅವರು, "ನಾವು ಕೇಳುವ ಮೊದಲೇ ಕೇಳಿಸಿಕೊಂಡಿದ್ದರೇ? ಇದನ್ನು ಅವಳಿಗೆ ಹೇಳಲೇಬೇಕು" ಎಂದು ಸಂಭ್ರಮಪಟ್ಟರು. ಹೇಳಿದರು ಕೂಡ. ತಂಗಿ ಒಪ್ಪಲಿಲ್ಲ; ಹೋಗಿ ಕೇಳದೆ ಯಾರಾದರೂ ಹೆಸರು ಕೊಡುತ್ತಾರೆಯೇ ಎಂದರಂತೆ. ಯುದ್ಧ ಇನ್ನೂ ನಿಂತಿಲ್ಲ. ಆದರೆ ಓಂದುರ್ಮಾನಿನ ಆ ಓಣಿಯಲ್ಲಿ ಹೆಸರನ್ನು ತಂದವರು ನಾವೇ, ಅದೂ ಗುರುವಾರ. ದಾಖಲೆ ಮಾತ್ರ ಮಂಗಳವಾರ ಎನ್ನುತ್ತದೆ.